ಕದ್ದು ತಂದ ಅಪ್ಪ

ಆ ಸುಳ್ಳನ್ನು ಹೇಳಿ ಮುಗಿಸಲು ನನಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಡಬ್ಲಿನ್ ಹೊರವಲಯದ ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಯಲ್ಲಿ, ಮಗಳ ಕೋಣೆಯಲ್ಲಿ, ಇಸ್ತ್ರಿ ಮಾಡುವ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೇಲೆ ಗರಿಗರಿ ಅಂಗಿ, ಕೆಳಗೆ ಮಾಸಿದ ಪೈಜಾಮದಲ್ಲಿ ಕೂತು ಹೇಳಿದೆ. ನಮ್ಮ ತಂದೆ ಹೈಸ್ಕೂಲ್ ಮೇಷ್ಟ್ರು. ಮನೆ ತುಂಬ ಪುಸ್ತಕ. ಗಣಿತ ನನಗೆ ಅನ್ನ ಸಾರಿನ ಜೊತೆ ಬಂತು. ಪರದೆಯ ಮೇಲಿನ ಚೌಕಗಳಲ್ಲಿ ಹದಿನಾಲ್ಕು ಜನ ವಿದ್ಯಾರ್ಥಿಗಳು ತಲೆಯಾಡಿಸಿದರು. ಒಬ್ಬಾಕೆ ಮಾತ್ರ ಆಡಿಸಲಿಲ್ಲ.

ನಿಜ ಏನೆಂದರೆ, ನಮ್ಮಪ್ಪ ಮೈಸೂರು ಸೀಮೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಕಸದ ಗಾಡಿಯ ಹಿಂದೆ ಹೋಗುತ್ತಿದ್ದವನು. ನಾವು ದಲಿತರ ಕೇರಿಯವರು. ನಮ್ಮ ಮನೆಯಿಂದ ಒಬ್ಬರು ದಿನಾ ಹೈಸ್ಕೂಲಿಗೆ ಹೋಗುತ್ತಿದ್ದದ್ದು ಸುಳ್ಳಲ್ಲ, ಆದರೆ ಅದು ಅವ್ವ, ಗುಡಿಸುವುದಕ್ಕೆ. ನಮ್ಮ ಮನೆಯಲ್ಲಿದ್ದ ಒಂದೇ ಪುಸ್ತಕ ರೇಷನ್ ಕಾರ್ಡು. ಪುಸ್ತಕ ತುಂಬಿದ ಮನೆ ಆ ಹೈಸ್ಕೂಲಿನ ಮೇಷ್ಟ್ರೊಬ್ಬರದು. ಅವರ ಹಿತ್ತಲು ಗುಡಿಸಲು ಅವ್ವ ಹೋದಾಗ ನಾನೂ ಜೊತೆಗೆ ಹೋಗಿ ಕಿಟಕಿಯಿಂದ ಇಣುಕಿದ್ದೆ. ಮೂರು ಗೋಡೆಗೂ ಪುಸ್ತಕ. ಆ ಮನೆಯನ್ನು, ಆ ಮನುಷ್ಯನನ್ನು ಹಾಗೇ ಎತ್ತಿಕೊಂಡು ಡಬ್ಲಿನ್ನಿಗೆ ತಂದು, ನಮ್ಮಪ್ಪನನ್ನು ಎಬ್ಬಿಸಿ ಆ ಜಾಗದಲ್ಲಿ ಕೂರಿಸಿಬಿಟ್ಟೆ. ವಿಮಾನ ನಿಲ್ದಾಣದಲ್ಲಿ ಇಂಥದ್ದನ್ನೆಲ್ಲ ತೆಗೆದು ನೋಡುವವರು ಯಾರೂ ಇರುವುದಿಲ್ಲ.

ಅಪ್ಪ ಸತ್ತು ಹನ್ನೆರಡು ವರ್ಷವಾಗಿತ್ತು. ಎದುರಾಡಲಾರ.

ಇದೆಲ್ಲ ಹೇಳಬೇಕಾಗಿ ಬಂದದ್ದು ಕಾಲೇಜಿನಲ್ಲಿ ನನಗಿಂತ ಹಿರಿಯರಾದ ಒಬ್ಬ ಹೆಂಗಸಿನ ಪದ್ಧತಿಯಿಂದ. ಅವರಿಗೆ ಆಗ ಅರವತ್ತರ ಹತ್ತಿರ. ಕ್ಯಾಲಿಫೋರ್ನಿಯಾದವರು, ಐರಿಷ್ ಗಂಡನ ಜೊತೆ ಬಂದು ಇಲ್ಲೇ ನಿಂತವರು. ತಮ್ಮನ್ನು ಚಿಕಾನಾ ಎಂದು ಕರೆದುಕೊಳ್ಳುತ್ತಿದ್ದರು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದವರು ತಮಗೆ ಇಟ್ಟುಕೊಂಡ ಹೆಸರು ಅದು. ಗಂಡಸಾದರೆ ಚಿಕಾನೊ. ಒಂದು ಕಾಲದಲ್ಲಿ ಬೇರೆಯವರು ಅದನ್ನು ಬೈಗುಳದ ಹಾಗೆ ಬಳಸುತ್ತಿದ್ದರಂತೆ. ಇವರು ಅದನ್ನೇ ಎತ್ತಿಕೊಂಡು ತಲೆ ಎತ್ತಿ ಹೇಳಿಕೊಳ್ಳಲು ಶುರು ಮಾಡಿದರಂತೆ. ಇದನ್ನು ಅವರು ಮೊದಲ ಸಲ ಹೇಳಿದಾಗ, ನಮ್ಮಲ್ಲೂ ಹಾಗೆ ತಾವೇ ಆರಿಸಿಕೊಂಡು ಎದೆಯುಬ್ಬಿಸಿ ಹೇಳುವ ಹೆಸರೊಂದಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೌದಾ, ಚೆನ್ನಾಗಿದೆ ಎಂದು ಕಾಫಿ ಕುಡಿದೆ.

ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದವರಿಗಾಗಿ ಅವರು ಒಂದು ವರ್ಷದ ಕೋರ್ಸು ಕಟ್ಟಿದ್ದರು. ಅದನ್ನು ಪಾಸು ಮಾಡಿದರೆ ಡಿಗ್ರಿಗೆ ಸೀಟು. ನಾನು ಅದರಲ್ಲಿ ಗಣಿತದ ಮೇಷ್ಟ್ರು, ವರ್ಷ ವರ್ಷಕ್ಕೂ ಕಾಂಟ್ರಾಕ್ಟ್. ಅವರ ನಿಯಮ ಒಂದೇ. ಮೊದಲ ತರಗತಿಯಲ್ಲಿ ಪಾಠ ಇಲ್ಲ. ಕೋರ್ಸಿನ ಎಲ್ಲ ಮೇಷ್ಟ್ರುಗಳೂ ಒಟ್ಟಿಗೆ ಕೂತು, ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳಬೇಕು. ಎಲ್ಲಿಂದ ಬಂದೆ, ಮನೆಯಲ್ಲಿ ಮೊದಲು ಓದಿದವರು ಯಾರು, ಎಲ್ಲಿ ಬಿದ್ದೆ, ಯಾರು ಎತ್ತಿದರು. ಆಮೇಲೆ ಬೇಕಾದರೆ ವಿದ್ಯಾರ್ಥಿಗಳು ಹೇಳಬಹುದು, ಬೇಡದಿದ್ದರೆ ಇಲ್ಲ. ಮೇಷ್ಟ್ರಿಗೆ ಮಾತ್ರ ಆ ಬಿಡುವಿಲ್ಲ.

ಕೋವಿಡ್ ಬಂದು ಎಲ್ಲ ಪರದೆಯ ಮೇಲಾದ ಆ ಸೆಪ್ಟೆಂಬರಿನಲ್ಲಿ, ತರಗತಿ ಶುರುವಾಗುವ ಮುಂಚೆ ಅವರು ನಮಗೊಂದು ತಯಾರಿ ಸಭೆ ಇಟ್ಟರು. ತಮ್ಮ ಇಬ್ಬರು ಹಳೆಯ ಗೆಳೆಯರನ್ನು ಅಮೆರಿಕದಿಂದ ವೀಡಿಯೋದಲ್ಲಿ ಕರೆದಿದ್ದರು. ಇಬ್ಬರೂ ಚಿಕಾನೊಗಳು, ನಿವೃತ್ತ ಪ್ರೊಫೆಸರುಗಳು. ಮೂವರೂ ಹರೆಯದಲ್ಲಿ ಒಂದೇ ಕಾಲೇಜಿನಲ್ಲಿ, ತಮ್ಮ ಜನರಿಗೆ ಸೀಟು ಕೊಡಿ, ತಮ್ಮ ಚರಿತ್ರೆ ಪಾಠ ಮಾಡಿ ಎಂದು ಧರಣಿ ಕೂತವರು. ಒಬ್ಬರು ಬೋಳುತಲೆ, ಬಿಳಿ ಮೀಸೆ. ಅವರ ಹಿಂದೆ ಅಡುಗೆಮನೆಯಲ್ಲಿ ಕುಕ್ಕರೋ ಏನೋ ಸದ್ದು ಮಾಡುತ್ತಿತ್ತು. ಅವರು ಹೇಳಿದರು, "ಕೆಲಸ ಸಿಕ್ಕ ಮೊದಲ ವರ್ಷ ನಾನು ಟೈ ಕಟ್ಕೊಂಡು, ಹೊಲದಲ್ಲಿ ಲೆಟಿಸ್ ಸೊಪ್ಪು ಕೊಯ್ಯೋ ಅಪ್ಪನ ವಿಷಯ ಯಾರಿಗೂ ಹೇಳ್ದೆ ಪಾಠ ಮಾಡ್ದೆ. ಆ ವರ್ಷ ನನ್ನ ಕ್ಲಾಸ್ ಬಿಟ್ಟು ಹೋದೋರೆಲ್ಲ ನಮ್ಮೋರೇ. ನನ್ನನ್ನ ನೋಡಿ, ಇದು ಬೇರೆ ಥರದೋರ ಜಾಗ ಅನ್ಕೊಂಡಿದ್ರು." ನಾನು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡೆ. ಅಡಿಗೆರೆ ಬೇರೆ ಎಳೆದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಹಾಗಾದರೆ ಯಾಕೆ ಸುಳ್ಳು ಹೇಳಿದೆ? ಆ ತರಗತಿಯಲ್ಲಿ ಇನ್ನೊಬ್ಬ ಕನ್ನಡಿಗ ಮೇಷ್ಟ್ರು ಇದ್ದರು, ಅದಕ್ಕೆ.

ಅವರು ಮೈಸೂರಿನವರು. ಗ್ರ್ಯಾಂಡ್ ಕೆನಾಲ್ ಡಾಕ್‌ನ ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರ್, ವಾರಕ್ಕೊಂದು ದಿನ ನಮ್ಮ ಕೋರ್ಸಿಗೆ ಕಂಪ್ಯೂಟರ್ ಪಾಠ. ಕೋವಿಡ್‌ಗೆ ಮುಂಚಿನ ವರ್ಷ ಸ್ವೋರ್ಡ್ಸ್‌ನ ಒಂದು ಸಭಾಂಗಣದಲ್ಲಿ ಯುಗಾದಿ ಊಟ ಇತ್ತು, ಅಲ್ಲೇ ನಮ್ಮ ಪರಿಚಯ. ಪಕ್ಕದಲ್ಲಿ ಕೂತು ಹೋಳಿಗೆ ಮುರಿಯುತ್ತ ಕೇಳಿದ್ದರು.

"ಊರು ಯಾವ್ದು ಸಾರ್?"

ಹೇಳಿದೆ.

"ಓ, ನಮ್ಮ ಅತ್ತೆ ಊರು ಪಕ್ಕದಲ್ಲೇ. ಅಲ್ಲೆಲ್ಲಿ?"

"ಬಸ್ ಸ್ಟ್ಯಾಂಡ್ ಹತ್ರ."

"ಬಸ್ ಸ್ಟ್ಯಾಂಡ್ ಈ ಕಡೆನಾ, ಆ ಕಡೆನಾ? ಮನೆದೇವ್ರು ಯಾವ್ದು ನಿಮ್ದು?"

ಜಾತಿ ಕೇಳಲಿಲ್ಲ. ಓದಿದವರು ಯಾರೂ ಕೇಳುವುದಿಲ್ಲ. ಬಸ್ ಸ್ಟ್ಯಾಂಡಿನ ಯಾವ ಕಡೆ ಎಂದು ಕೇಳುತ್ತಾರೆ. ನಮ್ಮೂರಲ್ಲಿ ಆ ಕಡೆ ಎಂದರೆ ಮುಗಿಯಿತು. ನಾನು ಈ ಕಡೆ ಎಂದೆ. ಈ ಕಡೆ ಮೇಷ್ಟ್ರ ಮನೆ ಇತ್ತು. ಅಪ್ಪ ಮೇಷ್ಟ್ರಾದದ್ದು ಆ ಹೋಳಿಗೆಯ ಎಲೆಯ ಮುಂದೆ. ಅವರೇನು ಕೆಟ್ಟವರಲ್ಲ. ಮೊದಲ ಲಾಕ್‌ಡೌನಿನಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿಗೆ ಕೋವಿಡ್ ಬಂದಾಗ, ಬಾಗಿಲ ಮುಂದೆ ಸಾರಿನ ಡಬ್ಬಿ, ಕರಿಬೇವು, ಮಗಳಿಗೆ ಚಾಕೊಲೇಟ್ ಇಟ್ಟು ಹೋಗುತ್ತಿದ್ದವರು ಅವರೇ. ಅದೇ ಇನ್ನೂ ಕಷ್ಟ. ಕೆಟ್ಟವರ ಮುಂದೆ ನಿಜ ಹೇಳಿ ಜಗಳವಾಡಿಬಿಡಬಹುದು. ಡಬ್ಬಿ ತಂದಿಟ್ಟವರು ಆಮೇಲೆ ಡಬ್ಬಿ ತರುವುದನ್ನು ನಿಲ್ಲಿಸಿದರೆ ಏನು ಮಾಡುವುದು ಎಂದು ನಾನು ಹೆದರಿದೆ. ಅವರು ನಿಲ್ಲಿಸುತ್ತಿದ್ದರೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ. ಅವರಿಗೆ ಒಂದು ಅವಕಾಶವನ್ನೂ ಕೊಡದೆ ನಾನೇ ಅವರ ಮನಸ್ಸನ್ನು ತೀರ್ಮಾನ ಮಾಡಿಬಿಟ್ಟಿದ್ದೆ.

ಈಗ ತಲೆಯಾಡಿಸದ ಆ ಒಬ್ಬಾಕೆಯ ವಿಷಯ. ವಯಸ್ಸು ಇಪ್ಪತ್ತೊಂಬತ್ತು, ಇಬ್ಬರು ಮಕ್ಕಳ ತಾಯಿ. ಐರ್ಲೆಂಡಿನ ಟ್ರ್ಯಾವೆಲರ್ ಸಮುದಾಯದವಳು. ಅವರು ಈ ದೇಶದ ಅಲೆಮಾರಿಗಳು. ಹಿಂದೆ ಗಾಡಿಗಳಲ್ಲಿ ಊರೂರು ತಿರುಗುತ್ತಿದ್ದವರು, ಈಗ ಕೆಲವರು ಮನೆಗಳಲ್ಲಿ, ಕೆಲವರು ಕೌನ್ಸಿಲ್ ಕೊಟ್ಟ ಜಾಗದಲ್ಲಿ ಕ್ಯಾರವಾನ್ ನಿಲ್ಲಿಸಿಕೊಂಡು ಇರುತ್ತಾರೆ. ಬಿಳಿಯರೇ, ಐರಿಷರೇ, ನಮ್ಮ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಮನೆತನದ ಹೆಸರು ಹೇಳಿದ ಕೂಡಲೇ ಖಾಲಿ ಇದ್ದ ಬಾಡಿಗೆ ಮನೆ ಖಾಲಿ ಇರುವುದಿಲ್ಲ. ಇದನ್ನು ಕೇಳಿದಾಗ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಕೆ ತರಗತಿಗೆ ಸೇರುತ್ತಿದ್ದದ್ದು ನಿಲ್ಲಿಸಿದ ವ್ಯಾನಿನೊಳಗಿಂದ, ಫೋನಿನಲ್ಲಿ. ಅವರಿದ್ದ ಜಾಗದಲ್ಲಿ ಗೇಟಿನ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಮೊದಲ ದಿನ ಮೇಷ್ಟ್ರುಗಳೆಲ್ಲ ಹೇಳಿ ಮುಗಿದ ಮೇಲೆ ಆಕೆ ತಾನಾಗಿ ಮಾತಾಡಿದಳು. "ನಮ್ಮಮ್ಮಂಗೆ ಓದೋಕೆ ಬರಲ್ಲ. ಸ್ಕೂಲಲ್ಲಿ ನನ್ನನ್ನ ಹಿಂದಿನ ಬೆಂಚಲ್ಲಿ ಕೂರಿಸಿ, ಬಣ್ಣ ಹಚ್ಚೋಕೆ ಕಾಗದ ಕೊಡ್ತಿದ್ರು. ಉಳಿದೋರಿಗೆ ಲೆಕ್ಕ, ನನಗೆ ಬಣ್ಣ. ಹನ್ನೆರಡು ವರ್ಷದ ತನಕ ಬಣ್ಣ ಹಚ್ದೆ. ನಾನು ಚಿಕ್ಕ ಮಕ್ಕಳ ಟೀಚರ್ ಆಗ್ಬೇಕು. ಯಾವ ಮಗೂನೂ ಹಂಗೆ ಹಿಂದೆ ಕೂರಿಸ್ಬಾರ್ದು." ಆಮೇಲೆ ನನ್ನ ಕಡೆ ತಿರುಗಿ, ಅಂದರೆ ಪರದೆಯ ಕಡೆ ನೋಡಿ, "ಪುಸ್ತಕ ತುಂಬಿದ ಮನೆ ಅಂದ್ರಲ್ಲ, ಕೇಳೋಕೇ ಖುಷಿ ಆಯ್ತು" ಎಂದಳು. ವ್ಯಂಗ್ಯವಿರಲಿಲ್ಲ. ನಿಜವಾಗಿ ಖುಷಿಪಟ್ಟು ಹೇಳಿದಳು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಕ್ಯಾಮೆರಾ ಸರಿ ಮಾಡುವವನ ಹಾಗೆ ಬಗ್ಗಿದೆ.

ತರಗತಿ ಮುಗಿದ ಮೇಲೆ ಎಂಜಿನಿಯರ್ ಗೆಳೆಯರು ವಾಟ್ಸ್ಯಾಪ್ ಮಾಡಿದರು, ಅದೇ ಸಾರ್, ಮೇಷ್ಟ್ರ ಮಕ್ಕಳ ಪಾಠದಲ್ಲಿ ಒಂದು ಕಳೆ ಇರುತ್ತೆ ಅಂತ. ಥ್ಯಾಂಕ್ಸ್ ಎಂದು ಕೈಮುಗಿಯುವ ಚಿತ್ರ ಕಳಿಸಿದೆ.

ಡಿಗ್ರಿಗೆ ಹೋಗಬೇಕಾದರೆ ನನ್ನ ಗಣಿತ ಪಾಸಾಗಲೇಬೇಕಿತ್ತು. ಆಕೆ ಬಾಯಲ್ಲಿ ಕೇಳಿದರೆ ಚುರುಕು. ಮೂವತ್ತರಲ್ಲಿ ಆರನೇ ಒಂದು ಭಾಗ ಎಷ್ಟು ಎಂದರೆ ನಾನು ಕೇಳಿ ಮುಗಿಸುವ ಮುಂಚೆ ಉತ್ತರ. ಅದೇ ಲೆಕ್ಕವನ್ನು ಬರೆದು ತೋರಿಸಿದರೆ ಕೈ ನಿಂತುಬಿಡುತ್ತಿತ್ತು. ಭಿನ್ನರಾಶಿಯ ಗೆರೆ ಕಂಡರೆ ಬಣ್ಣದ ಪೆನ್ಸಿಲ್ ಹುಡುಕಬೇಕು ಅನ್ನಿಸುತ್ತದೆ ಎಂದು ಒಮ್ಮೆ ನಗುತ್ತ ಹೇಳಿದಳು. ನನಗೆ ಆ ಭಯ ಗೊತ್ತಿತ್ತು. ನಾನು ಮೊದಲ ಸಲ ಪಿಯುಸಿಯಲ್ಲಿ ಗಣಿತ ಬರೆದಾಗ ನೂರಕ್ಕೆ ಇಪ್ಪತ್ತೆಂಟು ತೆಗೆದು ಡುಮ್ಕಿ ಹೊಡೆದವನು. ಅದನ್ನು ಹೇಳಲಿಲ್ಲ. ಮೇಷ್ಟ್ರ ಮಗ, ಗಣಿತ ಅನ್ನ ಸಾರಿನ ಜೊತೆ ಬಂದವನು, ಡುಮ್ಕಿ ಹೊಡೆದೆ ಎಂದರೆ ಲೆಕ್ಕ ತಾಳೆಯಾಗುವುದಿಲ್ಲವಲ್ಲ. ಒಂದು ಸುಳ್ಳನ್ನು ಸಾಕಲು ಇನ್ನೆಷ್ಟು ಸಾಕಬೇಕು ನೋಡಿ. "ಪ್ರಾಕ್ಟೀಸ್ ಮಾಡಿ, ಬರುತ್ತೆ" ಎಂದು ಅಭ್ಯಾಸದ ಹಾಳೆ ಕಳಿಸುತ್ತಿದ್ದೆ.

ನವೆಂಬರಿನ ಪರೀಕ್ಷೆಯಲ್ಲಿ ಆಕೆ ಫೇಲಾದಳು. ಮಾರನೆಯ ದಿನ ಕೋರ್ಸು ಬಿಡುತ್ತೇನೆ ಎಂದು ಎರಡು ಸಾಲಿನ ಮೇಲ್ ಬಂತು. ಕೋರ್ಸು ಕಟ್ಟಿದ ಆ ಹಿರಿಯಾಕೆ ತಕ್ಷಣ ನನಗೆ ಫೋನ್ ಮಾಡಿದರು.

"ಅವಳಿಗೆ ನೀನೇ ಫೋನ್ ಮಾಡು. ಪಾಠ ಹೇಳ್ಬೇಡ. ಧೈರ್ಯ ತುಂಬೋದೂ ಬೇಡ. ನೀನು ಎಲ್ಲಿ ಬಿದ್ದೆ, ಯಾರು ಎತ್ತಿದ್ರು, ಅಷ್ಟು ಹೇಳು. ಅವಳು ಬಿಡೋದು ಭಿನ್ನರಾಶಿಗಲ್ಲ."

"ನಾನು ಲೆಕ್ಕದಲ್ಲಿ ಬಿದ್ದಿಲ್ಲವಲ್ಲ" ಎಂದೆ.

"ಯಾವುದರಲ್ಲಾದ್ರೂ ಬಿದ್ದಿರ್ತೀಯ. ಹುಡುಕು" ಎಂದು ಅವರು ಫೋನ್ ಇಟ್ಟರು.

ಹುಡುಕುವುದೇನು, ಅಂಗೈಯಲ್ಲೇ ಇತ್ತು. ಮೈಸೂರಿನ ಸರ್ಕಾರಿ ಹಾಸ್ಟೆಲಿನಲ್ಲಿ, ಡುಮ್ಕಿ ಹೊಡೆದ ನಾನು ಟ್ರಂಕು ಕಟ್ಟಿಕೊಂಡು ಊರಿಗೆ ಹೊರಟಿದ್ದೆ. ಬಿ.ಎಸ್ಸಿ. ಓದುತ್ತಿದ್ದ ಒಬ್ಬ ಹಿರಿಯ ವಿದ್ಯಾರ್ಥಿ, ನಮ್ಮ ಪಕ್ಕದ ತಾಲೂಕಿನವನು, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವನು ನೋಡಿದ. "ಎಲ್ಲಿಗ್ಲಾ? ನಾನೂ ಡುಮ್ಕಿ ಹೊಡ್ದೋನೆ ಕಣ್ಲಾ, ಒಂದ್ಸಲ ಅಲ್ಲ, ಎರಡ್ಸಲ. ಕೂತ್ಕೊ ಇಲ್ಲಿ" ಎಂದ. ಒದ್ದೆ ಕೈಯಲ್ಲೇ ಇದ್ದಿಲು ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲೆಕ್ಕ ಬರೆದ. ಆಮೇಲೆ ಪೂರಕ ಪರೀಕ್ಷೆಯ ತನಕ ದಿನಾ ಬೆಳಿಗ್ಗೆ, ಯಾರೂ ಬಟ್ಟೆ ತರುವ ಮುಂಚೆ, ಆ ಕಲ್ಲಿನ ಮೇಲೆ ಪಾಠ. ನಾನು ಇವತ್ತು ಮೇಷ್ಟ್ರಾಗಿದ್ದರೆ ಅದು ಅವನ ಒಂದು ಮಾತಿನಿಂದ. ಗಣಿತ ಆಮೇಲೆ ಬಂತು, ಮೊದಲು ಬಂದದ್ದು ಅವನೂ ಬಿದ್ದಿದ್ದ ಎನ್ನುವ ಸಮಾಧಾನ.

ಆ ಒಂದು ಮಾತು ಆಕೆಗೆ ಬೇಕಾಗಿತ್ತು. ಫೋನ್ ಮಾಡಿದೆ. ಆಕೆ ಎತ್ತಿದಳು, ಹಿಂದೆ ಮಕ್ಕಳ ಗಲಾಟೆ, ವ್ಯಾನಿನ ಬಾಗಿಲು ಎಳೆದುಕೊಂಡ ಸದ್ದು.

"ಸಾರಿ, ನಿಮ್ಮ ಟೈಮ್ ಹಾಳು ಮಾಡ್ದೆ" ಎಂದಳು ಆಕೆಯೇ ಮೊದಲು.

"ಹಾಗೇನಿಲ್ಲ" ಎಂದೆ. ಹೇಳಲು ಹೊರಟೆ. ನಿಜವಾಗಿಯೂ ಹೊರಟೆ. ಆಗ ತಲೆಯೊಳಗೆ ಒಂದು ಪೂರ್ತಿ ಸಿನಿಮಾ ಓಡಿತು. ಈಕೆ ನಾಳೆ ತರಗತಿಯಲ್ಲಿ ಗೆಲುವಾಗಿ ಹೇಳುತ್ತಾಳೆ, ಮೇಷ್ಟ್ರೂ ಫೇಲಾಗಿದ್ದರಂತೆ, ಅವರಪ್ಪ ಕಸ ಎತ್ತುತ್ತಿದ್ದರಂತೆ. ಎಂಜಿನಿಯರ್ ಗೆಳೆಯರ ಚೌಕದಲ್ಲಿ ಒಂದು ಹುಬ್ಬು ಮೇಲೇಳುತ್ತದೆ. ಬಸ್ ಸ್ಟ್ಯಾಂಡಿನ ಆ ಕಡೆ. ಬಾಯಿ ಬಿಟ್ಟರೆ ಬಣ್ಣಗೇಡು. ಬಾಯಿಯನ್ನಂತೂ ಬಿಟ್ಟೆ, ಆದರೆ ಬೇರೆ ಮಾತಿಗೆ.

"ನೋಡಿ, ಡಿಗ್ರಿ ಅನ್ನೋದು ಎಲ್ಲರಿಗೂ ಹೇಳಿ ಮಾಡ್ಸಿದ್ದಲ್ಲ. ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸಕ್ಕೆ ಒಂದು ಚಿಕ್ಕ ಕೋರ್ಸ್ ಇದೆ, ಅದರಲ್ಲಿ ಗಣಿತ ಇಲ್ಲ. ಬೇಗ ಕೆಲಸ ಸಿಗುತ್ತೆ. ನಿಮ್ಮಂಥ ಪರಿಸ್ಥಿತಿಲಿ ಇರೋರಿಗೆ ಅದು ಅನುಕೂಲ ಆಗ್ಬಹುದು."

ಆಕೆ ಮಕ್ಕಳಿಗೆ ಏನೋ ಗದರಿದಳು. ಆಮೇಲೆ "ಗ್ರ್ಯಾಂಡ್" ಎಂದಳು. ಇಲ್ಲಿಯವರು ಎಲ್ಲದಕ್ಕೂ ಹೇಳುವ ಮಾತು ಅದು, ಆಯ್ತು, ಸರಿ, ಪರವಾಗಿಲ್ಲ. "ಗ್ರ್ಯಾಂಡ್. ನೇರವಾಗಿ ಹೇಳಿದ್ರಲ್ಲ, ಥ್ಯಾಂಕ್ಸ್."

ಫೋನ್ ಇಟ್ಟ ಮೇಲೆ ನನಗೆ ಅರ್ಥವಾಯಿತು, ನಾನು ಆಡಿದ್ದು ನನ್ನ ಮಾತೇ ಅಲ್ಲ. ಡುಮ್ಕಿ ಹೊಡೆದ ದಿನ ನಮ್ಮ ಪಿಯು ಕಾಲೇಜಿನ ಗಣಿತದ ಲೆಕ್ಚರರ್ ನನ್ನನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಿಸಿ, "ಲೆಕ್ಕ ನಿಮ್ಮಂಥೋರಿಗಲ್ಲ ಕಣಯ್ಯ, ಆರ್ಟ್ಸ್ ತಗೊ, ಹೆಂಗೂ ಸರ್ಕಾರ ಕೆಲಸ ಕೊಡುತ್ತೆ" ಎಂದಿದ್ದರು. ಇಪ್ಪತ್ತೈದು ವರ್ಷ ಅವರನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಅವರ ಮಾತನ್ನು ಒಪ್ಪ ಮಾಡಿ, ಮರ್ಯಾದೆಯ ಬಹುವಚನ ಹಚ್ಚಿ, ವ್ಯಾನಿನೊಳಗೆ ಕೂತ ಹೆಂಗಸಿಗೆ ಒಪ್ಪಿಸಿದ್ದೆ. ಹತ್ತಿದ ಏಣಿಯನ್ನು ಒದೆಯುವವರ ಬಗ್ಗೆ ಗೆಳೆಯರ ಮಧ್ಯೆ ದೊಡ್ಡ ದೊಡ್ಡ ಭಾಷಣ ಮಾಡಿದ್ದವನು ನಾನು.

ಆಕೆ ಹೆಸರು ತೆಗೆಸಿದಳು. ಫಾರಮ್ಮಿನಲ್ಲಿ ಕಾರಣ ಎನ್ನುವ ಕಡೆ 'ಮನೆಯ ಪರಿಸ್ಥಿತಿ' ಎಂದಿತ್ತು. ಪರದೆಯ ಮೇಲೆ ಒಂದು ಚೌಕ ಕಡಿಮೆಯಾಯಿತು, ಉಳಿದವು ಹರಡಿಕೊಂಡು ಆ ಜಾಗ ತುಂಬಿದವು. ತರಗತಿಯ ಕೋಣೆಯಾಗಿದ್ದರೆ ಖಾಲಿ ಕುರ್ಚಿಯಾದರೂ ಕಾಣುತ್ತಿತ್ತು. ಹಿರಿಯಾಕೆ ನನ್ನನ್ನು ಏನೂ ಕೇಳಲಿಲ್ಲ. ಸಭೆಯಲ್ಲಿ ಅವರು ಯಾರನ್ನೋ ಉದ್ದೇಶಿಸಿ "ಕೆಲವರು ಉಳೀತಾರೆ, ಕೆಲವರನ್ನ ನಾವು ಉಳಿಸ್ಕೊಳ್ಳಲ್ಲ" ಎಂದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ನನ್ನ ಕೈ ಮೌಸಿನ ಮೇಲೆ ತಡಕಾಡುತ್ತಿತ್ತು.

ಹೆಂಡತಿಗೆ ಹೇಳಿದೆ. ಅವಳೂ ನಮ್ಮವಳೇ, ಯುಗಾದಿಯ ಸುಳ್ಳಿನಲ್ಲಿ ಅವಳಿಗೂ ಪಾಲಿತ್ತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ಮಾಸ್ಕಿನ ಗೆರೆ ಇನ್ನೂ ಕೆನ್ನೆಯ ಮೇಲೆ ಇರುವಾಗಲೇ ಕೇಳಿಸಿಕೊಂಡಳು. "ಹೇಳಿಬಿಡಿ ಅಂದ್ರೆ ಹೇಳಲ್ಲ, ಸುಮ್ನಿರಿ ಅಂದ್ರೆ ಇರಲ್ಲ. ನಿಮ್ಮ ಒಳಗಿನ ಉರಿ ಆರಿಸ್ಕೊಳ್ಳೋಕೆ ನನ್ನ ಕೇಳ್ತಿದೀರ, ಅಷ್ಟೇ" ಎಂದಳು. ಅನ್ನಕ್ಕಿಟ್ಟು ಮಲಗಿಬಿಟ್ಟಳು. ಕುಕ್ಕರ್ ಕೂಗುವುದನ್ನು ನಾನು ಕಾದು ಆರಿಸಿದೆ.

ಜನವರಿಯಲ್ಲಿ ಮತ್ತೆ ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರಿನೊಳಗೆ ವಾಕಿಂಗ್ ಹೋಗಬಹುದಿತ್ತು. ಹಿರಿಯಾಕೆಯ ಮನೆ ನನ್ನ ಐದರೊಳಗೇ ಇತ್ತು. ಕಾಲುವೆಯ ದಡದಲ್ಲಿ ಇಬ್ಬರೂ ಎರಡು ಮೀಟರ್ ದೂರದಲ್ಲಿ ನಡೆಯುತ್ತಿದ್ದೆವು. ಅವರು ಮಫ್ಲರ್ ಕಿವಿಗೆಲ್ಲ ಸುತ್ತಿದ್ದರು, ಹಾಗಾಗಿ ನಾನು ನನ್ನ ಪಾಪವನ್ನು ಕೂಗಿ ಕೂಗಿ ಹೇಳಬೇಕಾಯಿತು. ನಾಯಿ ಹಿಡಿದುಕೊಂಡು ಎದುರಿಗೆ ಬಂದವರು ಒಬ್ಬರು ತಿರುಗಿ ನೋಡಿದರು. ಅಪ್ಪ, ಕಸದ ಗಾಡಿ, ಇಪ್ಪತ್ತೆಂಟು ಅಂಕ, ಒಗೆಯುವ ಕಲ್ಲು, ಆ ಫೋನ್, ಎಲ್ಲ ಹೇಳಿದೆ.

ಇದು ನನಗೆ ಗೊತ್ತಿತ್ತು ಎನ್ನುತ್ತಾರೆ ಎಂದುಕೊಂಡಿದ್ದೆ. ಅನುಭವಸ್ಥರು, ಗೊತ್ತಾಗಿರುತ್ತದೆ. ಅವರು ನಿಂತು, "ನಾನು ನಿನ್ನ ನಂಬಿದ್ದೆ" ಎಂದರು.

"ಕ್ಷಮಿಸಿ" ಎಂದೆ.

"ನನ್ನ ಕ್ಷಮೆ ತಗೊಂಡು ಏನು ಮಾಡ್ತೀಯ? ಕೋರ್ಸ್ ಬಿಟ್ಟಿದ್ದು ನಾನಲ್ಲ."

"ನನ್ನ ಭಯ ನಿಮಗೆ ಅರ್ಥ ಆಗುತ್ತೆ ಅನ್ಕೊಂಡೆ."

"ಆಗುತ್ತೆ. ನಾನೂ ಹೆದರಿದ್ದೆ, ವರ್ಷಗಟ್ಲೆ. ಅದನ್ನೇ ಅಲ್ವಾ ಆ ಮೊದಲ ಕ್ಲಾಸಲ್ಲಿ ಹೇಳೋದು? ಭಯ ಇರೋನು ಹೇಳಿದ್ರೇ ಅದಕ್ಕೊಂದು ಬೆಲೆ. ಭಯ ಇಲ್ದೋನ ಕಥೆ ಯಾರಿಗೆ ಬೇಕು?" ಆಮೇಲೆ ದನಿ ಇಳಿಸಿ ಹೇಳಿದರು, "ಸೆಪ್ಟೆಂಬರ್‌ಗೆ ಅವಳ ಸೀಟು ಹಿಡಿದಿಟ್ಟಿರ್ತೀನಿ. ಬರೋದು ಬಿಡೋದು ಅವಳಿಗೆ ಸೇರಿದ್ದು. ಅವಳಿಗೆ ಹೇಳು, ನನಗಲ್ಲ."

ಅಲ್ಲಿಂದ ಮುಂದೆ ಅವರ ಮನೆಯ ತಿರುವಿನ ತನಕ ನಾನು ಎರಡು ಹೆಜ್ಜೆ ಮುಂದೆಯೇ ನಡೆದೆ. ನನಗೆ ಸಿಟ್ಟು ಬಂದಿತ್ತು, ಅವರ ಮೇಲೆ. ನಾಚಿಕೆಪಟ್ಟವನಿಗೆ ಸಿಟ್ಟು ಬೇಗ ಬರುತ್ತದೆ.

ಫೋನ್ ಮಾಡಲು ಮಾರ್ಚ್ ಆಯಿತು. ಯಾಕೆ ಅಷ್ಟು ದಿನ ಎಂದರೆ, ದಿನಾ ನಾಳೆ ಎಂದುಕೊಳ್ಳುತ್ತಿದ್ದೆ, ಅಷ್ಟೇ. ಒಂದು ಶನಿವಾರ ಮಧ್ಯಾಹ್ನ ಮಗಳು ಸೈಕಲ್ ಹೊಡೆಯಲು ಹೋದಾಗ ಮಾಡಿದೆ. ಆಕೆಗೆ ನನ್ನ ದನಿ ಗುರುತು ಸಿಕ್ಕಿತು. ನಾನು ಪೀಠಿಕೆ ಇಲ್ಲದೆ ಎಲ್ಲ ಹೇಳಿದೆ. ನಮ್ಮಪ್ಪ ಮೇಷ್ಟ್ರಲ್ಲ, ಕಸ ಎತ್ತುತ್ತಿದ್ದವನು, ಅವ್ವ ಶಾಲೆ ಗುಡಿಸುತ್ತಿದ್ದವಳು, ನಾನು ಗಣಿತದಲ್ಲಿ ಫೇಲಾದವನು, ನಿಮಗೆ ಹೇಳಿದ ಮಾತು ನನಗೆ ಯಾರೋ ಹೇಳಿದ್ದು, ಅದು ಆಗಲೂ ತಪ್ಪು, ಈಗಲೂ ತಪ್ಪು. ಸೀಟು ಇದೆ, ವಾಪಸ್ ಬನ್ನಿ.

ಆಕೆ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇಷ್ಟೆಲ್ಲ ನಿಮ್ಮ ಹತ್ರ ಇತ್ತು" ಎಂದಳು ಕೊನೆಗೆ. "ನಾನು ಆ ವ್ಯಾನಲ್ಲಿ ಕೂತ್ಕೊಂಡು, ಪುಸ್ತಕ ಇರೋ ಮನೇಲಿ ಹುಟ್ಟಿದ್ರೆ ನನಗೂ ಬರ್ತಿತ್ತೇನೋ ಅಂತ ಅಳ್ತಿದ್ದೆ. ನನ್ನ ದೊಡ್ಡ ಮಗಳು ಯಾಕೆ ಬಿಟ್ಟೆ ಅಂತ ಕೇಳಿದ್ಲು. ಅಲ್ಲಿರೋರೆಲ್ಲ ಬೇರೆ ಥರದೋರು ಕಣೇ, ನಮ್ಮಂಥೋರಲ್ಲ ಅಂದೆ. ಒಂಬತ್ತು ವರ್ಷ ಅವಳಿಗೆ. ಹೌದು ಅಂತ ನಂಬ್ಕೊಂಡ್ಲು. ಈಗ ಅವಳಿಗೆ ಏನಂತ ಹೇಳ್ಲಿ?"

ಸೀಟು ಇನ್ನೂ ಇದೆ ಎಂದಷ್ಟೇ ಮತ್ತೆ ಹೇಳಿದೆ.

"ನಿಮಗೆ ಮಕ್ಕಳಿದಾರಾ?"

"ಒಬ್ಬಳು ಮಗಳು. ಹತ್ತು ವರ್ಷ."

"ಅವಳಿಗೆ ಗೊತ್ತಾ, ಅವಳ ತಾತ ಏನು ಕೆಲಸ ಮಾಡ್ತಿದ್ರು ಅಂತ?"

ಗೊತ್ತಿರಲಿಲ್ಲ. ಅವಳಿಗೂ ತಾತ ಮೇಷ್ಟ್ರೇ. ಯುಗಾದಿಯ ಊಟದಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಇಲ್ಲ ಎಂದೆ.

"ಹಂಗಾದ್ರೆ ಮೊದ್ಲು ಅವಳಿಗೆ ಹೇಳಿ" ಎಂದಳು. ಸಿಟ್ಟಿರಲಿಲ್ಲ, ದಣಿದ ದನಿ. "ಅವಳಿಗೆ ಹೇಳಿ ಆದ್ಮೇಲೆ ನನಗೆ ಫೋನ್ ಮಾಡಿ. ಆಗ ನಾನು ನನ್ನ ಮಗಳಿಗೆ, ಆ ಮೇಷ್ಟ್ರು ನಮ್ಮಂಥೋರೇ ಕಣೇ ಅಂತ ಹೇಳಿ, ವಾಪಸ್ ಬರೋದು ಯೋಚನೆ ಮಾಡ್ತೀನಿ. ನಿಮ್ಮ ಮ‌ನೇಲೇ ಮುಚ್ಚಿಡೋದನ್ನ ನನ್ನ ಕೈಲಿ ಯಾಕೆ ಕೊಡ್ತೀರ? ನಾನು ಏನು ಮಾಡ್ಲಿ ಅದನ್ನ ಇಟ್ಕೊಂಡು?"

ಆಯ್ತು ಎಂದೆ. ಗ್ರ್ಯಾಂಡ್ ಎಂದಳು.

ಅವತ್ತು ಸಂಜೆಯೇ ಹೇಳಬೇಕೆಂದಿದ್ದೆ. ಮಗಳು ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಳು, ಅದಕ್ಕೆ ಮದ್ದು ಹಚ್ಚುವುದರಲ್ಲಿ ಹೋಯಿತು. ಆಮೇಲೆ ಅವಳ ಶಾಲೆ ತೆರೆಯಿತು. ಆಮೇಲೆ ಲಾಕ್‌ಡೌನ್ ಸಡಿಲವಾಗಿ ನಮ್ಮ ಕನ್ನಡದವರ ಮಕ್ಕಳೆಲ್ಲ ಪಾರ್ಕಿನಲ್ಲಿ ಸೇರಲು ಶುರುವಾಯಿತು. ಎಂಜಿನಿಯರ್ ಗೆಳೆಯರ ಮಗಳಿಗೂ ಇವಳಿಗೂ ಭಾರಿ ಸ್ನೇಹ. ಇವಳ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ಪ್ರತಿ ಸಲವೂ ಕಾರಣ ನನ್ನ ಕೈಗೆ ತಾನಾಗಿ ಬಂದು ಸಿಗುತ್ತಿತ್ತು, ನಾನು ಹುಡುಕಬೇಕಾಗಿರಲಿಲ್ಲ. ಹಿರಿಯಾಕೆ ಸೀಟನ್ನು ಆಗಸ್ಟ್ ಕೊನೆಯ ತನಕ ಹಿಡಿದಿಟ್ಟು, ಆಮೇಲೆ ಬೇರೆ ಯಾರಿಗೋ ಕೊಟ್ಟರು. ನನಗೆ ತಿಳಿಸಿದಾಗ ಮಾತಿನಲ್ಲಿ ಏನೂ ಇರಲಿಲ್ಲ, ಒಂದು ಸಾಲಿನ ಮೇಲ್. ಆ ಸಲವೂ ಪರದೆಯ ಮೇಲೇ ನಡೆದ ಸೆಪ್ಟೆಂಬರಿನ ಮೊದಲ ತರಗತಿಯಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಇಂಟರ್ನೆಟ್ ಕೈಕೊಟ್ಟಿತು ಎಂದೆ. ಕೈಕೊಟ್ಟಿರಲಿಲ್ಲ.

ಯಾರ ಹೆಸರನ್ನೂ ಹಾಕದೆ ಇದನ್ನು ಬರೆದಿದ್ದೇನೆ. ಆಕೆಗೆ ಇನ್ನೂ ಫೋನ್ ಮಾಡಿಲ್ಲ. ಪೂರ್ತಿ ಕನ್ನಡದಲ್ಲಿ ಬರೆದಿದ್ದೇನೆ. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ.